ಗೋಂದು ಒಣಗಿಲ್ಲ

ಫೆಬ್ರವರಿ ೩

ಪ್ರೀತಿಯ ಇಕ್ಕಳ,

ಐದನೇ ಕ್ಲಾಸಿನ ಡ್ರಾಯಿಂಗ್ ಪೀರಿಯಡ್ಡಿನಲ್ಲಿ ನನ್ನ ಅಲುಗಾಡುವ ಹಲ್ಲನ್ನು ಕಿತ್ತು ನನ್ನ ಕೈಯಲ್ಲೇ ಇಟ್ಟವಳು ನೀನು. ಈಗ ಊರಿಗೆಲ್ಲ ಹಲ್ಲಿನ ಡಾಕ್ಟರಮ್ಮ, ಬೋರ್ಡಿನ ಮೇಲೆ ಹೆಸರಿಗಿಂತ ಉದ್ದದ ಪದವಿ. ನನಗೆ ಮಾತ್ರ ಇಕ್ಕಳವೇ.

ನೀನು ಹೇಳಿದ ಪ್ರವಾಸದ ಪುಸ್ತಕ ಮುಗಿಸಿದೆ. ಆ ಮಹಾನುಭಾವ ಹನ್ನೊಂದು ದೇಶ ಸುತ್ತಿದ್ದಾನೆ, ಹನ್ನೊಂದರಲ್ಲೂ ಹೊಟ್ಟೆ ಕೆಡಿಸಿಕೊಂಡಿದ್ದಾನೆ. ದೇಶಗಳ ಬಗ್ಗೆ ನನಗೇನೂ ತಿಳಿಯಲಿಲ್ಲ, ಅವನ ಹೊಟ್ಟೆಯ ಬಗ್ಗೆ ಮಾತ್ರ ಅವನ ಹೆಂಡತಿಗಿಂತ ಚೆನ್ನಾಗಿ ಗೊತ್ತು.

ಇದರ ಜೊತೆ ಒಂದು ಪುಸ್ತಕ ಕಳಿಸುತ್ತಿದ್ದೇನೆ. ನಮ್ಮ ಬೀದಿಯ ನಿವೃತ್ತ ಹೆಡ್‌ಮಾಸ್ತರು ಬೈಂಡಿಗೆ ಕೊಟ್ಟ ಎರಡರಲ್ಲಿ ಒಂದು. ಎರಡಕ್ಕೂ ರಟ್ಟಿಲ್ಲ, ಹೆಸರಿನ ಪುಟವೂ ಹರಿದುಹೋಗಿದೆ. ಬೆನ್ನಿನ ಮೇಲೆ ಏನು ಅಚ್ಚು ಹಾಕಬೇಕೆಂದು ಅವರೇ ಬಂದು ಹೇಳಬೇಕು. ಕಥೆ ಹೀಗಿದೆ: ಗಡಿಯಾರದಂಗಡಿಯ ಯಜಮಾನನ ಕೊಲೆಯಾಗಿದೆ. ಅಂಗಡಿಯಲ್ಲಿ ನೂರು ಗಡಿಯಾರ, ನೂರೂ ಬೇರೆ ಬೇರೆ ಹೊತ್ತು ತೋರಿಸುತ್ತವೆ, ಎಷ್ಟು ಹೊತ್ತಿಗೆ ಸತ್ತನೆಂದು ಯಾರೂ ಹೇಳಲಾರರು. ನಾನು ಹೊಲಿಗೆ ಹಾಕುವ ತನಕವೂ ತಡೆಯಲಾರದೆ, ಒಂದು ಕೈಯಲ್ಲಿ ಗೋಂದು ಕಲಕುತ್ತ ಇನ್ನೊಂದು ಕೈಯಲ್ಲಿ ಬಿಡಿ ಹಾಳೆಗಳನ್ನು ಹಿಡಿದುಕೊಂಡೇ ಓದಿ ಮುಗಿಸಿದೆ. ಇನ್ನೊಂದು ಪುಸ್ತಕವನ್ನು ಹೊಲಿದಿಟ್ಟಿದ್ದೇನೆ, ಓದಲು ಪುರುಸೊತ್ತಾಗಿಲ್ಲ. ನೂರ ನಲವತ್ತನೇ ಪುಟ ದಾಟಿದ ಮೇಲೆ ರೋಗಿಗಳನ್ನು ಒಳಗೆ ಕರೆಯಬೇಡ. ಯಾರದಾದರೂ ಗಟ್ಟಿ ಹಲ್ಲು ಕಿತ್ತೀಯೆ.

ಕೊನೆ ಹೇಳುವುದಿಲ್ಲ. ನಮ್ಮ ಕಾನೂನು ನೆನಪಿದೆಯಲ್ಲ? ಹದಿನಾಲ್ಕು ವರ್ಷದ ಹಿಂದೆ ನಾನು ಐನೂರು ಪುಟದ ಕಾದಂಬರಿಯಲ್ಲಿ ಮುನ್ನೂರನೇ ಪುಟದಲ್ಲಿದ್ದಾಗ, ನೀನು ಬರೀ ಕಾರ್ಡಿನಲ್ಲಿ 'ಕ್ಯಾಪ್ಟನ್ ಸಾಯುತ್ತಾನೆ, ಕರವಸ್ತ್ರ ಹತ್ತಿರ ಇಟ್ಟುಕೋ' ಎಂದು ಬರೆದೆ. ಅದೇ ಪುಸ್ತಕ ಓದುತ್ತಿದ್ದು, ಕಾರ್ಡನ್ನೂ ಓದಿಬಿಟ್ಟ ನಮ್ಮ ಪೋಸ್ಟ್‌ಮನ್ ಕೂಡ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ನಾನು ಆರು ವರ್ಷ ನಿನಗೆ ಬರೆಯಲಿಲ್ಲ. ಆ ಆರು ವರ್ಷದಲ್ಲಿ ನಿನ್ನ ಯಜಮಾನರು ತೀರಿಕೊಂಡರು, ನನಗೆ ಗೊತ್ತಾಗಲಿಲ್ಲ. ನನ್ನ ಅಮ್ಮ ಹೋದಳು, ನಿನಗೆ ಗೊತ್ತಾಗಲಿಲ್ಲ. ಅದಕ್ಕೇ ಕಾನೂನು: ಓದದವರಿಗೆ ಕೊನೆ ಹೇಳಕೂಡದು.

ಹೆಡ್‌ಮಾಸ್ತರಿಗೆ ಎಂದಿನಂತೆ 'ಗೋಂದು ಒಣಗಿಲ್ಲ ಸಾರ್' ಎಂದಿದ್ದೇನೆ. ನನ್ನ ಗೋಂದು ಒಣಗಲು ಐದು ವಾರ ಬೇಕೆಂದು ಈ ಊರೆಲ್ಲ ನಂಬಿದೆ. ಎರಡು ವಾರ ನಾನು ಓದುವುದಕ್ಕೆ, ಮೂರು ವಾರ ನೀನು ಓದುವುದಕ್ಕೆ. ಇಪ್ಪತ್ತೇಳು ವರ್ಷದಲ್ಲಿ ಒಂದು ಪುಟ ಹಿಂದುಮುಂದಾಗಿಲ್ಲ, ಹಾಗಾಗಿ ಯಾರೂ ಕೇಳುವುದೂ ಇಲ್ಲ.

ನಿನ್ನ
ಗೋಂದು

ಫೆಬ್ರವರಿ ೧೪

ಗೋಂದು,

ಪುಸ್ತಕ ಬಂದು ಏಳು ದಿನ, ಓದಿ ಮುಗಿಸಿ ಮೂರು ದಿನ. ಮೂರು ದಿನದಿಂದ ನನ್ನ ಕಾಲು ನೆಲದ ಮೇಲಿಲ್ಲ. ನಿನ್ನೆ ನರ್ಸ್ ಬಂದು ಮೆಲ್ಲಗೆ ಕಿವಿಯಲ್ಲಿ, "ಮೇಡಂ, ಇವ್ರಿಗೆ ಆಗ್ಲೇ ಎರಡು ಸಲ ಇಂಜೆಕ್ಷನ್ ಕೊಟ್ಟಿದ್ದೀರಿ" ಅಂದಳು.

ನೀನು ಇದನ್ನು ಬರೀ ಕೊಲೆಯ ಪುಸ್ತಕ ಎಂದು ಹೇಳಿ ಕಳಿಸಿದೆಯಲ್ಲ, ನಿನ್ನ ಹುಷಾರಿಗೆ ಮೆಚ್ಚಿದೆ. ನಾನೂ ಹಾಗೇ ಅಂದುಕೊಂಡು ಓದುತ್ತಿದ್ದೆ. ಭಾವಮೈದನ ಮೇಲೆ ಅನುಮಾನ, ಗುಮಾಸ್ತನ ಮೇಲೆ ಅನುಮಾನ. ಎದುರುಮನೆಯ ಪಿಟೀಲು ಮೇಷ್ಟರೊಬ್ಬರೇ ಸಜ್ಜನರು. ನೂರ ನಲವತ್ತನಾಲ್ಕನೇ ಪುಟದ ಕೊನೆಯ ಸಾಲು: 'ಪತ್ತೇದಾರ ದೊಡ್ಡ ಗಡಿಯಾರದ ಹಿಂಬಾಗಿಲು ತೆಗೆದು ಒಳಗೆ ಇಣುಕಿದ. ಅಲ್ಲಿ'. ಪುಟ ತಿರುಗಿಸಿದರೆ, 'ಹದಿನಾಲ್ಕು ಬೆಡ್‌ಶೀಟುಗಳು ಒಣಗುತ್ತಿದ್ದವು'.

ನಾನು ಹಿಂದಿನ ಪುಟಕ್ಕೆ ಹೋಗಿ ಎರಡನ್ನೂ ಸೇರಿಸಿ ಗಟ್ಟಿಯಾಗಿ ಓದಿದೆ. ಎಂಥಾ ಸಾಲು. ಅಲ್ಲಿಂದ ಮುಂದೆ ಪತ್ತೇದಾರನಿಲ್ಲ, ಹೆಣವಿಲ್ಲ, ಒಂದೇ ಒಂದು ಗಡಿಯಾರವೂ ಇಲ್ಲ. ಲಾಂಡ್ರಿ ಇಟ್ಟುಕೊಂಡ ಒಬ್ಬ ವಿಧವೆ. ಅವಳು ಯಾರು ಎಂದು ಲೇಖಕ ಹೇಳುವುದಿಲ್ಲ, ಆದರೆ ಓದಲು ಬರುವವರಿಗೆ ಗೊತ್ತು: ಸತ್ತವನ ಹೆಂಡತಿ. ಮೊದಲರ್ಧದಲ್ಲಿ ಆ ಯಜಮಾನನಿಗೆ ಮದುವೆಯೇ ಆಗಿಲ್ಲ ಎಂದಿದೆ, ನಿಜ. ಅದು ಬೇಕೆಂದೇ ಹೇಳಿದ ಸುಳ್ಳು. ಬೇರೆ ಯಾರಾದರೂ ಆಗಿದ್ದರೆ ಕೊಲೆಗಾರನನ್ನು ಹಿಡಿದುಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಈತ ಕೊಲೆಯನ್ನು ಪೂರ್ತಿ ಮರೆತೇಬಿಟ್ಟ ಹಾಗೆ ನಟಿಸುತ್ತಾನೆ. ನೂರು ಪುಟ ಬರೀ ಸೋಪಿನ ನೊರೆ. ಕೊನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಮಾರುವವನು ಮದುವೆಗೆ ಕೇಳಿದಾಗ ಅವಳು ಅಂಗಡಿಯ ಬಾಗಿಲು ಹಾಕಿಕೊಂಡು ಒಬ್ಬಳೇ ನಗುತ್ತಾಳಲ್ಲ, ಅಲ್ಲಿ ನಾನು ಅತ್ತುಬಿಟ್ಟೆ. ಯಜಮಾನರು ಹೋದ ಮೇಲೆ ನಾನೂ ಹಾಗೆ ಒಂದು ದಿನ ಕ್ಲಿನಿಕ್ಕಿನ ಬಾಗಿಲು ಹಾಕಿಕೊಂಡು ನಕ್ಕಿದ್ದೆ. ಯಾರಿಗೂ ಹೇಳಿರಲಿಲ್ಲ.

ಮಾರ್ಚ್ ೧೬ರ ಭಾನುವಾರ ನಮ್ಮ ಓದುಗರ ಸಂಘದ ವಾರ್ಷಿಕ ಸಭೆ. ನಾನೇ ಮಾತಾಡಬೇಕು. ಇದರ ಬಗ್ಗೆಯೇ ಮಾತಾಡುತ್ತೇನೆ. ಶೀರ್ಷಿಕೆಯೂ ಹೊಳೆದಿದೆ: 'ಮರೆತುಹೋದ ಹೆಣ'.

ನಿನಗೆ ನನ್ನ ಕಡೆಯಿಂದ: ಸೇತುವೆ ಕಟ್ಟಿದ ಎಂಜಿನಿಯರೊಬ್ಬರ ಜೀವನಚರಿತ್ರೆ, ಆರುನೂರು ಪುಟ. ಸೇತುವೆ ನಾನೂರನೇ ಪುಟದಲ್ಲಿ ಶುರುವಾಗುತ್ತದೆ. ತಾಳ್ಮೆಯಿಂದ ಓದು.

ಇಕ್ಕಳ

ಫೆಬ್ರವರಿ ೧೯

ಪ್ರೀತಿಯ ಇಕ್ಕಳ,

ನಿನ್ನ ಪತ್ರ ಬಂತು. ಎರಡು ಸಲ ಓದಿದೆ. ನಡುವೆ ಎದ್ದು ಹೋಗಿ ಹೆಡ್‌ಮಾಸ್ತರ ಇನ್ನೊಂದು ಪುಸ್ತಕವನ್ನು ತೆಗೆದು ನೋಡಿದೆ. ಆಮೇಲೆ ಸ್ವಲ್ಪ ನೀರು ಕುಡಿದೆ.

ಪುಸ್ತಕ ಅಷ್ಟು ಹಿಡಿಸಿದ್ದು ಸಂತೋಷ. ಆದರೆ ಸಭೆಯಲ್ಲಿ ಇದರ ಬಗ್ಗೆಯೇ ಮಾತಾಡಬೇಕೇ? ಜನಕ್ಕೆ ಸೇತುವೆ ಎಂದರೆ ಗೌರವ. ಎಂಜಿನಿಯರ ಪುಸ್ತಕ ಸಭೆಗೆ ಹೇಳಿ ಮಾಡಿಸಿದ ಹಾಗಿದೆ, ನಾನು ಆಗಲೇ ಎಪ್ಪತ್ತು ಪುಟ ಓದಿದೆ. ಅವರ ಅಜ್ಜ ಇನ್ನೂ ಹುಟ್ಟಿಲ್ಲ.

ಇನ್ನೊಂದು ಮಾತು. ಪುಟಗಳ ಸಂಖ್ಯೆ ಗಮನಿಸಿದೆಯಾ? ಸುಮ್ಮನೆ ಕೇಳಿದೆ.

ಗೋಂದು

ಫೆಬ್ರವರಿ ೨೬

ಗೋಂದು,

ಗಮನಿಸದೆ ಇರುತ್ತೇನೆಯೇ? ನೂರ ನಲವತ್ತನಾಲ್ಕು ಆದ ಮೇಲೆ ನೂರ ಇಪ್ಪತ್ತೊಂಬತ್ತು. ಹದಿನಾರು ಪುಟ ಹಿಂದಕ್ಕೆ. ಗಡಿಯಾರದಂಗಡಿಯ ಕಥೆಯಲ್ಲಿ ಕಾಲವೇ ಹಿಂದೆ ಸರಿಯುತ್ತದೆ. ಈ ಒಂದು ಅಂಶಕ್ಕೇ ನನ್ನ ಭಾಷಣದಲ್ಲಿ ಕಾಲು ಗಂಟೆ ಇಟ್ಟಿದ್ದೇನೆ. ಸಂಘದ ಕಾರ್ಯದರ್ಶಿ ಅದನ್ನು ಕೇಳಿ, "ಮೇಡಂ, ಇದು ನಮ್ಮ ತಲೆಗೆ ಹೊಳೀತಾನೇ ಇರ್ಲಿಲ್ಲ ಬಿಡಿ" ಅಂದರು. ಅವರಿಗೆ ಹೊಳೆಯುವುದಿಲ್ಲ, ಅವರು ಬುದ್ಧಿಹಲ್ಲು ತೆಗೆಸಿಕೊಂಡಾಗಿನಿಂದ ಹಾಗೆಯೇ.

ನಿನ್ನ ಪತ್ರ ಓದಿ ಮಾತ್ರ ಮನಸ್ಸಿಗೆ ಪಿಚ್ಚೆನ್ನಿಸಿತು. ನಾನು ಎಂಟು ಪುಟ ಬರೆದೆ, ನೀನು ಎಂಟು ಸಾಲು. ಪುಸ್ತಕ ನಿನ್ನದು, ಕಂಡುಹಿಡಿದವಳು ನಾನು ಎಂದು ಬೇಜಾರೇ? ಹಾಗಿದ್ದರೆ ಬಿಡಿಸಿ ಹೇಳು. ಭಾಷಣದಲ್ಲಿ 'ಇದನ್ನು ನನಗೆ ತೋರಿಸಿಕೊಟ್ಟ ಗೆಳತಿ' ಎಂದು ಒಂದು ಸಾಲು ಸೇರಿಸುತ್ತೇನೆ, ನಿನ್ನ ಬೈಂಡಿಂಗನ್ನೂ ಎತ್ತಿ ಹಿಡಿದು ತೋರಿಸುತ್ತೇನೆ. ಪೋಸ್ಟರ್ ಅಚ್ಚಾಗಿದೆ. ನಲವತ್ತು ಜನ ಬರುತ್ತಾರೆ.

ಇಕ್ಕಳ

ಮಾರ್ಚ್ ೨

ಇಕ್ಕಳ,

ಬೈಂಡಿಂಗ್ ತೋರಿಸುವುದು ಬೇಡ. ಹೆಡ್‌ಮಾಸ್ತರು ಪುಸ್ತಕ ಕೇಳುತ್ತಿದ್ದಾರೆ, ಜೋರು ಮಾಡುತ್ತಿದ್ದಾರೆ. ಸಭೆಗೆ ಮೊದಲೇ ಕಳಿಸಿಬಿಡು. ಈ ಕಾರ್ಡ್ ಕಂಡ ತಕ್ಷಣ.

ಗೋಂದು

ಮಾರ್ಚ್ ೭

ಗೋಂದು,

ಕಾರ್ಡ್ ನೋಡಿದೆ. ಕಳಿಸುವುದಿಲ್ಲ. ಇಪ್ಪತ್ತೇಳು ವರ್ಷದಿಂದ ಒಣಗದ ಗೋಂದು ಇನ್ನೊಂದು ಹತ್ತು ದಿನ ಒಣಗದಿದ್ದರೆ ಹೆಡ್‌ಮಾಸ್ತರು ಸಾಯುವುದಿಲ್ಲ.

ನಿನಗೇನಾಗಿದೆ ಎಂದು ನನಗೆ ಅರ್ಥವಾಗುತ್ತಿಲ್ಲ. ಇಲ್ಲೂ ಯಾರ ಬುದ್ಧಿಯೂ ನೆಟ್ಟಗಿಲ್ಲ. ಮೊನ್ನೆ ಮಂಗಳವಾರ ಯಾರೋ ಹೆಂಗಸು ಫೋನ್ ಮಾಡಿ, ಹೆಸರೂ ಹೇಳದೆ 'ಅರ್ಜೆಂಟು, ಅರ್ಜೆಂಟು' ಅಂದಳಂತೆ. ನರ್ಸ್ ನಿನ್ನೆ ಗುರುವಾರ ಹನ್ನೊಂದಕ್ಕೆ ಟೈಮ್ ಕೊಟ್ಟಿದ್ದಳು, ನಾನು ಇಕ್ಕಳ ಕುದಿಸಿಟ್ಟುಕೊಂಡು ಕಾದೆ. ಬರಲೇ ಇಲ್ಲ. ಹೆದರುಪುಕ್ಕಲಿ.

ಭಾಷಣ ಐವತ್ತು ನಿಮಿಷ. ಕನ್ನಡಿಯ ಮುಂದೆ ಎರಡು ಸಲ ಹೇಳಿಕೊಂಡೆ.

ಇಕ್ಕಳ

ಮಾರ್ಚ್ ೧೧, ಎಕ್ಸ್‌ಪ್ರೆಸ್

ನನ್ನ ಇಕ್ಕಳ,

ಆ ಹೆದರುಪುಕ್ಕಲಿ ನಾನೇ. ಹಾಲಿನಂಗಡಿಯ ಫೋನಿನಿಂದ ಮಾಡಿದ್ದೆ. "ಡಾಕ್ಟರಮ್ಮನ ಹತ್ರ ಮಾತಾಡ್ಬೇಕು" ಅಂದೆ. ನಿನ್ನ ನರ್ಸ್ "ಮೇಲಿನ ಹಲ್ಲೋ, ಕೆಳಗಿನದೋ?" ಅಂದಳು. "ಹಲ್ಲಲ್ಲಮ್ಮ, ಪುಸ್ತಕ" ಅಂದರೆ "ತುಂಬಾ ನೋವಿದ್ರೆ ಹಾಗೆಲ್ಲ ಮಾತು ಬರುತ್ತೆ, ಲವಂಗ ಇಟ್ಕೊಳ್ಳಿ, ಗುರುವಾರ ಹನ್ನೊಂದಕ್ಕೆ ಬನ್ನಿ" ಎಂದು ಫೋನ್ ಇಟ್ಟೇಬಿಟ್ಟಳು.

ಇದು ಈ ಪತ್ರದ ಐದನೇ ಪ್ರತಿ. ಮೊದಲ ನಾಲ್ಕನ್ನು ಹರಿದು ರಟ್ಟಿನೊಳಗೆ ಅಂಟಿಸಿದ್ದೇನೆ. ಈಗ ಹೇಳಿಬಿಡುತ್ತೇನೆ, ಕೂತುಕೊಂಡು ಓದು.

ಪುಸ್ತಕವನ್ನು ನಾನು ತಪ್ಪು ಹೊಲಿದಿದ್ದೇನೆ. ಹೆಡ್‌ಮಾಸ್ತರ ಎರಡೂ ಪುಸ್ತಕ ಒಂದೇ ಪ್ರೆಸ್ಸಿನವು, ಒಂದೇ ಅಳತೆ, ಒಂದೇ ಅಕ್ಷರ. ಎರಡನ್ನೂ ಬಿಚ್ಚಿ ರಾಶಿ ಮಾಡಿದ್ದೆ. ಕೊಲೆ ಪುಸ್ತಕದ ಹಿಂದಿನ ಅರ್ಧವನ್ನು ಕೈಯಲ್ಲಿ ಹಿಡಿದು ಓದುತ್ತಿದ್ದೆನಲ್ಲ, ಮುಗಿದ ಮೇಲೆ ಮೈಮರೆತು ಅದನ್ನು ಪಕ್ಕದ ರಾಶಿಯ ಮೇಲಿಟ್ಟಿದ್ದೇನೆ. ಆ ರಾಶಿ ಲಾಂಡ್ರಿಯ ಪುಸ್ತಕದ್ದು. ಅದರ ಹಿಂದಿನ ಅರ್ಧ ಈ ಕಡೆ ಬಂದಿದೆ. ಲಾಂಡ್ರಿಯ ವಿಧವೆಗೂ ಸತ್ತ ಯಜಮಾನನಿಗೂ ಯಾವ ಸಂಬಂಧವೂ ಇಲ್ಲ. ಕಾಲ ಹಿಂದೆ ಸರಿದಿಲ್ಲ, ನನ್ನ ಸೂಜಿ ಹಿಂದೆ ಸರಿದಿದೆ. ಪಿಟೀಲು ಮೇಷ್ಟರ ಕೈಗೆ ಕೋಳ ಬೀಳುವ ಪುಟಗಳೆಲ್ಲ ಲಾಂಡ್ರಿ ಪುಸ್ತಕದ ಬೆನ್ನಿಗೆ ಅಂಟಿಕೊಂಡು ಇಲ್ಲೇ ನನ್ನ ಮೇಜಿನ ಮೇಲಿವೆ.

ನಿನ್ನ ಫೆಬ್ರವರಿ ೧೪ರ ಪತ್ರ ಓದಿದಾಗಲೇ ಗೊತ್ತಾಯಿತು. ಅಂದೇ ಹೇಳಬೇಕಿತ್ತು. ಇಪ್ಪತ್ತೇಳು ವರ್ಷ, ಒಂದು ಪುಟ ಹಿಂದುಮುಂದಾಗಿಲ್ಲ ಎಂದು ನಿನಗೇ ಜಂಬ ಕೊಚ್ಚಿದ್ದೆ, ನಾಲಿಗೆ ಹೊರಳಲಿಲ್ಲ. ಅದಲ್ಲದೆ ನೀನು ಬಾಗಿಲು ಹಾಕಿಕೊಂಡು ನಕ್ಕದ್ದನ್ನು ಬರೆದಿದ್ದೆ. ಆ ಪುಟವನ್ನು ತಪ್ಪು ಎಂದು ಹೇಗೆ ಹೇಳಲಿ? ಆದರೆ ನಲವತ್ತು ಜನರ ಮುಂದೆ ನೀನು ನಗೆಪಾಟಲಾಗುವುದನ್ನು ನೋಡಲಾರೆ. ಬೈದುಬಿಡು. ಮಾತು ಮಾತ್ರ ಬಿಡಬೇಡ. ಆಗ ಆರು ವರ್ಷ ಬಿಟ್ಟವಳು ನಾನೇ, ಕೇಳುವ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಭಾಷಣ ಬದಲಾಯಿಸು. ಸೇತುವೆ ಇದೆ.

ನಿನ್ನ ಗೋಂದು

ಮಾರ್ಚ್ ೨೦

ಇಕ್ಕಳ,

ಎಕ್ಸ್‌ಪ್ರೆಸ್ ಪತ್ರ ಮುಟ್ಟಿತೇ? ಸಭೆ ಆಯಿತೇ? ಪೋಸ್ಟ್‌ಮನ್ ದಿನಾ ನನ್ನ ಮುಖ ನೋಡಿ ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ. ಒಂದು ಸಾಲು ಬರೆ. ಬೈಗುಳವಾದರೂ ಸರಿ.

ಎಂಜಿನಿಯರು ಮುನ್ನೂರ ತೊಂಬತ್ತನೇ ಪುಟದಲ್ಲಿದ್ದಾರೆ. ನಾನು ಅವರ ಜೊತೆ ನದಿಯ ದಂಡೆಯಲ್ಲಿ ಕೂತಿದ್ದೇನೆ.

ಗೋಂದು

ಮಾರ್ಚ್ ೨೩

ಗೋಂದು,

ನಿನ್ನ ಎಕ್ಸ್‌ಪ್ರೆಸ್ ಸಭೆಗೆ ಎರಡು ದಿನ ಮೊದಲೇ ಬಂತು. ನಾನು ಒಡೆಯಲಿಲ್ಲ. ದಪ್ಪ ಲಕೋಟೆ ನೋಡಿ, ಮತ್ತೆ ಹೆಡ್‌ಮಾಸ್ತರ ಗೋಳಿರಬೇಕು, ಭಾಷಣ ಆದ ಮೇಲೆ ನೋಡೋಣ ಎಂದು ಸ್ಟೆರಿಲೈಸರಿನ ಮೇಲಿಟ್ಟೆ.

ಭಾಷಣ ಮಾಡಿದೆ. ಪೂರ್ತಿ ಐವತ್ತು ನಿಮಿಷ. 'ಹದಿನಾಲ್ಕು ಬೆಡ್‌ಶೀಟುಗಳು' ಎಂದಾಗ ಸಭೆ ಉಸಿರು ಬಿಗಿಹಿಡಿಯಿತು, ಸುಳ್ಳಲ್ಲ. ಪುಟಸಂಖ್ಯೆಗೆ ಚಪ್ಪಾಳೆ. ಎಲ್ಲ ಮುಗಿಯಿತು ಅನ್ನುವಾಗ ಹಿಂದಿನ ಸಾಲಿನಿಂದ ನಿವೃತ್ತ ರೈಲ್ವೆ ಗಾರ್ಡ್ ಎದ್ದು ನಿಂತರು. ಅವರ ಎರಡು ಸೆಟ್ ಹಲ್ಲೂ ರಿಪೇರಿಗೆಂದು ನನ್ನ ಕ್ಲಿನಿಕ್ಕಿನಲ್ಲಿದ್ದವು. ಬಾಯಿ ತೆರೆದು ಏನೋ ಹೇಳಿದರು, ಬರೀ ಗಾಳಿ ಬಂತು. ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು. ಮೂವತ್ತೈದು ವರ್ಷದಿಂದ ನಾನು ಜನರ ಬಾಯೊಳಗೆ ಕೈ ಇಟ್ಟುಕೊಂಡೇ ಅವರ ಜೊತೆ ಮಾತಾಡುತ್ತಿದ್ದೇನೆ, ಆ ಭಾಷೆ ಈ ಊರಿನಲ್ಲಿ ನನಗೊಬ್ಬಳಿಗೇ ಬರುವುದು. ಅವರು ಹೇಳಿದ್ದು ಇಷ್ಟು: "ನಾನಿದನ್ನ ಮೂರು ಸಲ ಓದಿದ್ದೀನಿ ಕಣಮ್ಮ. ಪತ್ತೇದಾರ ಕೊಲೆಗಾರನ್ನ ಹಿಡೀತಾನೆ. ಲಾಂಡ್ರಿ ಎಲ್ಲಿಂದ ಬಂತು?"

ಕೈಯಲ್ಲಿದ್ದ ಪುಸ್ತಕ ನೋಡಿದೆ. ನೂರ ನಲವತ್ತನಾಲ್ಕು, ನೂರ ಇಪ್ಪತ್ತೊಂಬತ್ತು, ನಡುವೆ ನಿನ್ನ ನೀಲಿ ದಾರ. ಆ ಕ್ಷಣಕ್ಕೆ ಎಲ್ಲ ಅರ್ಥವಾಯಿತು, ನಿನ್ನ ಎಂಟು ಸಾಲು, ಆ ಕಾರ್ಡು, ಎಲ್ಲ. ಕಾರ್ಯದರ್ಶಿ, "ಏನಂತೆ ಮೇಡಂ ಅವ್ರು ಹೇಳ್ತಿರೋದು?" ಅಂದರು. ಇಡೀ ಸಭೆ ನನ್ನ ಬಾಯಿ ನೋಡುತ್ತಿದೆ. ನಾನು ಅಂದೆ, "ಪುಸ್ತಕ ಮೂರು ಸಲ ಓದಿದ್ದಾರಂತೆ." ಮತ್ತೊಂದು ಚಪ್ಪಾಳೆ. ಗಾರ್ಡ್ ನನ್ನನ್ನು ನೋಡಿದ ನೋಟ ಒಂದು ರೈಲನ್ನೇ ನಿಲ್ಲಿಸುವಂತಿತ್ತು. ಬೈಂಡಿಂಗ್ ಮಾತ್ರ ಎತ್ತಿ ತೋರಿಸಲಿಲ್ಲ. ಯಾರು ಹೊಲಿದದ್ದು ಎಂದು ಕೇಳಿದರು, ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿತು ಎಂದೆ. ನಿನ್ನ ಇಪ್ಪತ್ತೇಳು ವರ್ಷ ಹಾಗೇ ಇದೆ.

ಗಾರ್ಡ್ ಬಿಡಲಿಲ್ಲ, ನನ್ನ ಹಿಂದೆಯೇ ಕ್ಲಿನಿಕ್ಕಿಗೆ ಬಂದರು. ಸೆಟ್ ಹಾಕಿಕೊಟ್ಟೆ. ಬಾಯಿಗೆ ಹಲ್ಲು ಬಂದದ್ದೇ ತಡ, "ಕೇಳಿಲ್ಲಿ, ಆ ಯಜಮಾನನ್ನ ಕೊಂದಿದ್ದು..." ಎಂದು ಶುರು ಮಾಡಿದರು. ನಾನು ಎರಡೂ ಕೆನ್ನೆಗೆ ಹತ್ತಿ ತುಂಬಿದೆ. ಕೊಲೆಗಾರ ಯಾರೆಂದು ನನಗೆ ಇನ್ನೂ ಗೊತ್ತಿಲ್ಲವಲ್ಲ, ನಾನೇ ಓದಿ ತಿಳಿಯಬೇಕು. ಒಂದು ಗಂಟೆ ಹತ್ತಿ ತೆಗೆಯಕೂಡದು ಎಂದು ಹೇಳಿ, ಮುಂದಿನ ಸಭೆಯಲ್ಲಿ ನನ್ನ ತಪ್ಪು ನಾನೇ ಒಪ್ಪಿಕೊಳ್ಳುತ್ತೇನೆ ಎಂದು ಮಾತು ಕೊಟ್ಟು ಸಾಗಹಾಕಿದೆ. ಗೆದ್ದೆ ಅನ್ನಿಸಿತು. ಟೀ ಮಾಡಿಕೊಂಡೆ. ಕಾಲು ಮೇಲೆ ಹಾಕಿಕೊಂಡು ಕೂತು ನಿನ್ನ ಲಕೋಟೆ ಒಡೆದೆ.

ಪಿಟೀಲು ಮೇಷ್ಟರ ಕೈಗೆ ಕೋಳ.

ಗೋಂದು, ತಪ್ಪು ಹೊಲಿದದ್ದನ್ನು ಆ ಕ್ಷಣವೇ ಕ್ಷಮಿಸಿದೆ. ಮೂರು ವಾರ ಬಾಯಿಗೆ ಬೀಗ ಹಾಕಿಕೊಂಡದ್ದನ್ನು, ಅರ್ಧ ಟೀ ಮುಗಿಯುವಷ್ಟರಲ್ಲಿ ಕ್ಷಮಿಸಿದೆ. ಆದರೆ ಹೇಳಿಬಿಟ್ಟೆಯಲ್ಲ. ಅದೂ ಪಿಟೀಲು ಮೇಷ್ಟರು, ಇಡೀ ಪುಸ್ತಕದಲ್ಲಿ ನಾನು ನಂಬಿದ್ದ ಒಬ್ಬರೇ ಒಬ್ಬರು. ಟೀ ತಣ್ಣಗಾಯಿತು. ಹದಿನಾಲ್ಕು ವರ್ಷದ ಹಿಂದೆ ನಿನಗೆ ಹೇಗಾಗಿತ್ತೆಂದು ನನಗೆ ಈಗ ಗೊತ್ತಾಯಿತು. ಇಷ್ಟು ದಿನ ನಿನ್ನದು ಅತಿಯಾಯಿತು ಅಂದುಕೊಂಡಿದ್ದೆ. ಅಲ್ಲ.

ಹಾಗಾಗಿ ನಾನೂ ಮಾತು ಬಿಡಬೇಕೆಂದು ಕೂತೆ. ಆರು ವರ್ಷದ ಹಕ್ಕು ನನಗೂ ಇದೆ. ಆಮೇಲೆ ಲೆಕ್ಕ ಹಾಕಿದೆ: ನಮಗೆ ಅರವತ್ಮೂರು. ಆರು ವರ್ಷ ಬಿಡುವಷ್ಟು ಧೈರ್ಯ ಬರಲಿಲ್ಲ. ಆರು ದಿನ ಬಿಟ್ಟೆ. ನಿನ್ನ ಕಾರ್ಡ್ ನಿನ್ನೆಯೇ ಬಂತು, ಆದರೂ ಉತ್ತರ ಬರೆಯಲಿಲ್ಲ, ಯಾಕೆಂದರೆ ನಿನ್ನೆ ಆರನೇ ದಿನ. ಸೇಡು ಎಂದರೆ ಸೇಡು. ಆ ಆರು ದಿನ ಹೇಗೆ ಕಳೆಯಿತೆಂದು ಕೇಳಬೇಡ. ಓದಿದ್ದನ್ನು ಹೇಳಲು ಯಾರೂ ಇಲ್ಲದೆ ನರ್ಸಿಗೆ ಹೇಳಿದೆ, ಅವಳು ಲವಂಗ ತಂದುಕೊಟ್ಟಳು.

ಇವತ್ತು ಏಳನೇ ದಿನ. ಒಂದು ವಿಷಯ ಹೊಳೆಯಿತು: ನೀನು ಓದದ ಲಾಂಡ್ರಿಯ ಕೊನೆಯನ್ನು ನಾನೂ ಆಗಲೇ ನಿನಗೆ ಹೇಳಿದ್ದೇನೆ. ನೀನು ಒಂದು ಮಾತೂ ಆಡಲಿಲ್ಲ. ಅಲ್ಲಿಗೆ ನಮ್ಮ ಕಾನೂನಿನ ಕಥೆ ಮುಗಿಯಿತು. ಆದರೂ ಕೋಳ ಹೇಗೆ ಬೀಳುತ್ತದೆಂದು ಓದಬೇಕು ಅನ್ನಿಸುತ್ತಿದೆ, ಅದು ನನಗೇ ಆಶ್ಚರ್ಯ. ಪುಸ್ತಕಗಳನ್ನು ಬಿಚ್ಚಬೇಡ. ಗಡಿಯಾರದಂಗಡಿ ನನ್ನ ಹತ್ತಿರವಿದೆ, ಲಾಂಡ್ರಿ ನಿನ್ನ ಹತ್ತಿರ. ಅದನ್ನು ಹಿಡಿದುಕೊಂಡು ಇಲ್ಲಿಗೆ ಬಾ, ಒಂದೇ ಮೇಜಿನ ಮೇಲಿಟ್ಟುಕೊಂಡು ಓದೋಣ, ಆಮೇಲೆ ಇಲ್ಲೇ ಕೂತು ಸರಿಯಾಗಿ ಹೊಲಿ. ಸೂಜಿ, ದಾರ ನನ್ನ ಹತ್ತಿರವೂ ಇದೆ. ಹೆಡ್‌ಮಾಸ್ತರಿಗೆ ಏನು ಹೇಳಬೇಕೆಂದು ನಿನಗೆ ನಾನು ಕಲಿಸಬೇಕಿಲ್ಲ.

ಏಪ್ರಿಲ್ ೩, ಗುರುವಾರ, ಹನ್ನೊಂದು ಗಂಟೆ. ರಿಜಿಸ್ಟರಿನಲ್ಲಿ ನಿನ್ನ ಟೈಮ್ ನಾನೇ ಬರೆದಿಟ್ಟಿದ್ದೇನೆ. ಈ ಸಲ ತಪ್ಪಿಸಬೇಡ. ಹಲ್ಲಿಗೆ ಕೈ ಹಾಕುವುದಿಲ್ಲ ಎಂದು ಮಾತ್ರ ಮಾತು ಕೊಡಲಾರೆ.

ನಿನ್ನ
ಇಕ್ಕಳ